ಸ್ತಮತಿಯಾ ಈಗ ಕೂತು ಉಣ್ಣುತ್ತಾರೆ

ಬೆಳಗಿನ ಐದು ಗಂಟೆ. ಜರ್ಮನಿಯ ಇಂಗೋಲ್‌ಸ್ಟಾಟ್‌ನಿಂದ ಉತ್ತರಕ್ಕೆ, ಆಲ್ಟ್‌ಮ್ಯೂಲ್ ನದಿಯ ಕಣಿವೆಯ ಅಂಚಿನಲ್ಲಿರುವ ಒಂದು ಖಾಸಗಿ ಆಸ್ಪತ್ರೆಯ ಹಿಂಬಾಗಿಲು ತೆರೆದಿದೆ. ಒಳಗಿನ ಬಿಳಿ ದೀಪದ ಕೆಳಗೆ ಸ್ತಮತಿಯಾ ರಾತ್ರಿ ನೆನೆಹಾಕಿದ ದೊಡ್ಡ ಬಿಳಿ ಬೀನ್ಸ್ ಬಸಿಯುತ್ತಿದ್ದಾರೆ. ನಮ್ಮ ಅವರೆಕಾಳಿಗೆ ಅಜ್ಜಿಯಂತಿರುವ ಕಾಳು. ಪಾತ್ರೆಯ ಒಂದು ಕಿವಿ ಅವರ ಕೈಯಲ್ಲಿ, ಇನ್ನೊಂದು ಗದಗಿನ ಪ್ರೇಮಕುಮಾರಿಯ ಕೈಯಲ್ಲಿ. ಇಬ್ಬರೂ ಒಂದೇ ಉಸಿರಿಗೆ ಎತ್ತಿ ಒಲೆಯ ಮೇಲಿಡುತ್ತಾರೆ. ಆಮೇಲೆ ಸ್ತಮತಿಯಾ ಸೊಪ್ಪಿನ ಬುಟ್ಟಿಗೆ ಕೈ ಹಾಕಿ, ಒಂದು ಎಲೆ ಹರಿದು ಹಸಿಯಾಗಿಯೇ ಅಗಿದು ನೋಡುತ್ತಾರೆ. ಕಹಿ ಇದ್ದರೆ ಸರಿ ಎಂದು ತಲೆಯಾಡಿಸುತ್ತಾರೆ. ಇಲ್ಲದಿದ್ದರೆ ಆ ಬುಟ್ಟಿಗೆ ನಿಂಬೆಹುಳಿ ಹೆಚ್ಚು ಬೀಳುತ್ತದೆ.

ನಾನು ಹೊಸ್ತಿಲಾಚೆ, ಸಾಮಾನಿನ ಲಾರಿ ನಿಲ್ಲುವ ಅಂಗಳದಲ್ಲಿ ನಿಂತಿದ್ದೇನೆ. ಒಳಗೆ ಬರಲು ಅನುಮತಿ ಕೇಳಿ ಎರಡು ಸಲ ಬರೆದಿದ್ದೆ. ಅಡುಗೆಮನೆಯನ್ನು ಗುತ್ತಿಗೆಗೆ ಹಿಡಿದಿರುವ ಕಂಪನಿಯಿಂದ ಬಂದ ಉತ್ತರ ಎರಡೇ ಸಾಲಿನದು: ಶುಚಿತ್ವದ ಕಾರಣದಿಂದ ಸಾಧ್ಯವಿಲ್ಲ, ನಿಮ್ಮ ಆಸಕ್ತಿಗೆ ಧನ್ಯವಾದ. ಹಾಗಾಗಿ ಈ ಲೇಖನದ ಬಹುಪಾಲು ಹಿಂಬಾಗಿಲಿನಿಂದ ಕಂಡದ್ದು, ಉಳಿದದ್ದು ಸ್ತಮತಿಯಾ ಅವರ ಹಳೆಯ ಕಾರಿನಲ್ಲಿ ಕೇಳಿದ್ದು.

ಅವರಿಗೀಗ ಅರವತ್ಮೂರು. ಗ್ರೀಸ್ ದೇಶದ ಕ್ರೀಟ್ ದ್ವೀಪದ ಬೆಟ್ಟದೂರಿನವರು. ಮದುವೆಯಾಗಿ ಇಪ್ಪತ್ತನಾಲ್ಕನೇ ವಯಸ್ಸಿಗೆ ಜರ್ಮನಿಗೆ ಬಂದರು. ಮೊದಲು ಹೋಟೆಲಿನ ಪಾತ್ರೆ ತೊಳೆದರು, ಆಮೇಲೆ ಶಾಲೆಗಳ ನೆಲ ಒರೆಸಿದರು. ಕಳೆದ ಹದಿನಾಲ್ಕು ವರ್ಷಗಳಿಂದ ಈ ಆಸ್ಪತ್ರೆಯ ಒಲೆಯ ಮುಂದಿದ್ದಾರೆ. ಹೃದಯದ ಶಸ್ತ್ರಚಿಕಿತ್ಸೆ ಮುಗಿಸಿಕೊಂಡವರು ಚೇತರಿಸಿಕೊಳ್ಳಲು ಮೂರು ವಾರ ಇಲ್ಲಿ ಇರುತ್ತಾರೆ. ದಿನಕ್ಕೆ ನೂರೆಂಬತ್ತು ಜನರ ಊಟ. ಆ ನೂರೆಂಬತ್ತು ಜನರಲ್ಲಿ ಸ್ತಮತಿಯಾ ಎಂಬ ಹೆಸರು ಕೇಳಿದವರು ಕಳೆದ ಬೇಸಿಗೆಯವರೆಗೆ ಒಬ್ಬರೂ ಇರಲಿಲ್ಲ.

ಇಂಥವರನ್ನು ನಾವು ಎಲೆಮರೆಯ ಕಾಯಿ ಎನ್ನುತ್ತೇವೆ, ಕಾಯಿ ತಾನಾಗಿಯೇ ಹೋಗಿ ಎಲೆಯ ಹಿಂದೆ ಕೂತಿತು ಎನ್ನುವ ಹಾಗೆ. ಇಲ್ಲಿ ಎಲೆ ತಂದು ಮುಚ್ಚಿದವರಿದ್ದಾರೆ. ಅದನ್ನು ಹೇಳದೆ ಈ ಹೆಂಗಸಿನ ಬಗ್ಗೆ ಬರೆಯುವುದು ಸುಳ್ಳಾಗುತ್ತದೆ.

ಈ ಆಸ್ಪತ್ರೆ ಮಾರುತ್ತಿರುವುದು ಗ್ರೀಕ್ ಜೀವನಶೈಲಿಯನ್ನು. ಊಟದ ಹಾಲಿನ ಗೋಡೆಯ ತುಂಬ ನೀಲಿ ಸಮುದ್ರದ ಚಿತ್ರವಿದೆ, ಅದರ ಮೇಲೆ ದೊಡ್ಡ ಅಕ್ಷರದ ಬರಹ. ಆಲಿವ್ ಎಣ್ಣೆ, ಕಾಳು, ಸೊಪ್ಪು, ಸ್ವಲ್ಪ ಮೀನು, ಅಪರೂಪಕ್ಕೆ ಮಾಂಸ. ಅದರ ಕೆಳಗೆ ಇನ್ನೂ ಮುಖ್ಯವಾದದ್ದು: ಒಟ್ಟಿಗೆ ಕೂತು ಉಣ್ಣಿ, ನಿಧಾನವಾಗಿ ಉಣ್ಣಿ, ಉಂಡು ವಿಶ್ರಮಿಸಿ. 'ಡಯಟ್' ಎಂಬ ಮಾತೇ ಗ್ರೀಕರ 'ದಿಯೆತಾ' ಎಂಬುದರಿಂದ ಬಂದದ್ದು, ಅದರ ಮೂಲ ಅರ್ಥ ಪಥ್ಯವಲ್ಲ, ಬದುಕುವ ರೀತಿ ಎಂದೂ ಅಲ್ಲಿ ಬರೆದಿದ್ದಾರೆ. ಇದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನನಗೆ ಸಿಟ್ಟು ಬಂದದ್ದೇ ಅದಕ್ಕೆ. ಇವರಿಗೆ ಎಲ್ಲ ಗೊತ್ತಿತ್ತು.

ಏಕೆಂದರೆ ಆ ಗೋಡೆಯ ಹಿಂದೆಯೇ ಅಡುಗೆಮನೆ. ಅಲ್ಲಿ ಆರು ಜನ ತಟ್ಟೆ ಕೈಯಲ್ಲಿ ಹಿಡಿದು, ಪಾತ್ರೆ ತೊಳೆಯುವ ಯಂತ್ರದ ಪಕ್ಕ, ಹಬೆಯಲ್ಲಿ ನಿಂತು ಉಣ್ಣುತ್ತಿದ್ದರು. ಕಾನೂನಿನ ಪ್ರಕಾರ ಅರ್ಧ ಗಂಟೆ ಬಿಡುವಿದೆ. ಕಂಪನಿ ಅದನ್ನು ಕಾಲು ಗಂಟೆಯ ಎರಡು ತುಂಡು ಮಾಡಿ, ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಹಂಚಿತ್ತು. ವಿಶ್ರಾಂತಿ ಕೋಣೆ ಕಟ್ಟಡದ ಇನ್ನೊಂದು ತುದಿಯಲ್ಲಿ. ಹೋಗಿ ಬರುವುದರಲ್ಲೇ ಬಿಡುವು ಮುಗಿಯುತ್ತಿತ್ತು. ಹಾಗಾಗಿ ಯಾರೂ ಹೋಗುತ್ತಿರಲಿಲ್ಲ.

ಸ್ತಮತಿಯಾ ಆಡುವುದು ಅಡುಗೆಮನೆಯಲ್ಲಿ ಕಲಿತ ಜರ್ಮನ್, ನಡುನಡುವೆ ಗ್ರೀಕ್. ನನಗೆ ಅರ್ಧ ತಿಳಿಯುತ್ತದೆ. ಉಳಿದರ್ಧವನ್ನು ಪ್ರೇಮಕುಮಾರಿ ತಮ್ಮ ಗದಗಿನ ಕನ್ನಡಕ್ಕೆ ತಿರುಗಿಸಿ ಹೇಳಿದರು. ಪ್ರೇಮಕುಮಾರಿಯ ಗಂಡ ಮಹೇಶಕುಮಾರ ಇಂಗೋಲ್‌ಸ್ಟಾಟ್‌ನಲ್ಲಿ ಕಾರಿನ ಬಿಡಿಭಾಗದ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದವರು. ಎರಡು ವರ್ಷದ ಹಿಂದೆ ಇಡೀ ವಿಭಾಗವೇ ಮುಚ್ಚಿದಾಗ ಕೆಲಸ ಹೋಯಿತು. ಎಂ.ಕಾಂ. ಓದಿದ ಪ್ರೇಮಕುಮಾರಿ ಸಿಕ್ಕಿದ ಕೆಲಸಕ್ಕೆ ಸೇರಿದರು. ಸಿಕ್ಕಿದ್ದು ಇದು. ಸ್ತಮತಿಯಾರಿಗೂ ಅವರಿಗೂ ಇಪ್ಪತ್ತನಾಲ್ಕು ವರ್ಷಗಳ ಅಂತರ. ಪ್ರೇಮಕುಮಾರಿ ಆಕೆಯನ್ನು 'ಅಕ್ಕಾ' ಎನ್ನುತ್ತಾರೆ. ಆ ಮಾತಿನ ಅರ್ಥ ಸ್ತಮತಿಯಾಗೆ ಗೊತ್ತು, ಕರೆದರೆ ತಿರುಗಿ ನೋಡುತ್ತಾರೆ.

ಸೇರಿದ ಮೊದಲ ವಾರವೇ ಪ್ರೇಮಕುಮಾರಿ ಅಲ್ಲಿನ ಕಹಿ ಸೊಪ್ಪನ್ನು ಗುರುತು ಹಿಡಿದರಂತೆ. ನಮ್ಮ ಹೊಲದ ಹಕ್ಕರಿಕಿಯ ಜಾತಿಯದೇ. ಕ್ರೀಟ್‌ನವರು ನೀರಲ್ಲಿ ಅದ್ದಿ ತಿನ್ನುವ ಬಾರ್ಲಿಯ ಒಣರೊಟ್ಟಿಯನ್ನು ಕಂಡಾಗ, "ಇದು ನಮ್ಮ ಖಡಕ್ ರೊಟ್ಟಿನ ಬಿಡ್ರಿ, ಕಲ್ಲಿನಂಗ ಗಟ್ಟಿ ಮಾಡ್ಯಾರ" ಎಂದು ನಕ್ಕಿದ್ದರು. ಮನೆಯಿಂದ ಜೋಳದ ರೊಟ್ಟಿ ತಂದು ಕೊಟ್ಟರು. ಸ್ತಮತಿಯಾ ಅದರ ಮೇಲೆ ಆಲಿವ್ ಎಣ್ಣೆ ಸುರಿದು ತಿಂದರು.

ಆದರೆ ಈ ಊಟದ ಹೊಗಳಿಕೆ ಶುರುಮಾಡಿದರೆ ಸ್ತಮತಿಯಾರ ಮುಖ ಗಂಟಿಕ್ಕಿಕೊಳ್ಳುತ್ತದೆ. ಅವರ ಅವ್ವ ಸಣ್ಣ ಹುಡುಗಿಯಾಗಿದ್ದಾಗ, ದೊಡ್ಡ ಯುದ್ಧ ಮುಗಿದ ಮೇಲೆ, ಪರದೇಶದ ಜನ ತಕ್ಕಡಿ ಹಿಡಿದು ಊರಿಗೆ ಬಂದಿದ್ದರಂತೆ. ಮನೆಮನೆಗೆ ಹೋಗಿ ಯಾರು ಎಷ್ಟು ಸೊಪ್ಪು, ಎಷ್ಟು ಕಾಳು, ಎಷ್ಟು ಎಣ್ಣೆ ತಿನ್ನುತ್ತಾರೆ ಎಂದು ತೂಗಿ ಬರೆದುಕೊಂಡರು.

"ನಮ್ಮವ್ವ ಹೇಳ್ತಿದ್ಲು, ತಟ್ಟಿ ತೂಗಿದ್ರು, ಹಸಿವಿ ತೂಗಲಿಲ್ಲ ಅಂತ. ಅಜ್ಜಾಗ ಕೇಳಿದ್ರಂತ, ನಿನಗ ಏನ್ ಬೇಕಪಾ ಅಂತ. ಮಾಂಸ ಬೇಕು ಅಂದ್ನಂತ. ಅದನ್ಯಾರೂ ಗ್ವಾಡಿ ಮ್ಯಾಲ ಬರಿಯಂಗಿಲ್ಲ. ನಾವು ಸೊಪ್ಪು ತಿಂದಿದ್ದು ಶ್ಯಾಣ್ಯಾತನಕ್ಕಲ್ಲ, ಬ್ಯಾರೆ ಏನೂ ಇರಲಿಲ್ಲ ಅಂತ."

ಹಾಗಾದರೆ ಆ ಬದುಕಿನಲ್ಲಿ ಒಳ್ಳೆಯದೇನೂ ಇರಲಿಲ್ಲವೇ ಎಂದೆ. ಇತ್ತು ಎಂದರು. ಆಲಿವ್ ಕೊಯ್ಲಿನ ದಿನಗಳಲ್ಲೂ ಮಧ್ಯಾಹ್ನವಾದರೆ ಅಪ್ಪ ಕಾಯಿ ಬಡಿಯುವ ಕೋಲು ಕೆಳಗಿಡುತ್ತಿದ್ದ. ಮರದ ಕೆಳಗೆ ಬಟ್ಟೆ ಹಾಸಿ, ಕೂಲಿಗೆ ಬಂದವರು, ಮನೆಯವರು, ದಾರಿಯಲ್ಲಿ ಹೋಗುವವರು ಎಲ್ಲ ಸೇರಿ ಒಂದೇ ಪಾತ್ರೆಯಿಂದ ಉಣ್ಣುತ್ತಿದ್ದರು. ಈಸ್ಟರ್‌ಗೆ ಮುಂಚಿನ ದೀರ್ಘ ಉಪವಾಸದ ದಿನಗಳಲ್ಲಿ ಬರೀ ಕಾಳು, ಸೊಪ್ಪು. ಆದರೂ ಯಾರೂ ಒಬ್ಬರೇ ಉಣ್ಣುತ್ತಿರಲಿಲ್ಲ. ಉಳಿದದ್ದೆಲ್ಲ ಬಡತನ, ಅದೊಂದು ಮಾತ್ರ ನಮ್ಮದಾಗಿತ್ತು ಎನ್ನುತ್ತಾರೆ.

ಕಳೆದ ಜೂನ್‌ನಲ್ಲಿ ಆಸ್ಪತ್ರೆಯವರು ಪ್ರಚಾರದ ಸಿನಿಮಾ ಮಾಡಲು ಹೊರಟರು. ಮ್ಯೂನಿಕ್‌ನಿಂದ ಕ್ಯಾಮೆರಾದವರು ಬಂದರು. ಅಡುಗೆಮನೆಯ ಮ್ಯಾನೇಜರ್ ಹಿಂಟರ್‌ಮಾಯರ್ ಸ್ತಮತಿಯಾರನ್ನು ಕರೆದು, ನಿಮಗೊಂದು ಗೌರವ ಕಾದಿದೆ ಎಂದರು. ಹದಿನಾಲ್ಕು ವರ್ಷದಲ್ಲಿ ಆ ಮಾತು ಅದೇ ಮೊದಲು. ಅವರು ಸಿನಿಮಾದಲ್ಲಿ ಗ್ರೀಕ್ ಅಜ್ಜಿಯಾಗಬೇಕಿತ್ತು. ಅಡುಗೆಮನೆಯ ಉಳಿದ ಐವರು ಆಕೆಯ ಕುಟುಂಬ. ಎಲ್ಲರೂ ಮನೆಯ ಬಟ್ಟೆ ಹಾಕಿಕೊಂಡು ಬರಬೇಕು.

ತೋಟದ ಮರದ ಕೆಳಗೆ ಉದ್ದನೆಯ ಮೇಜು, ಅದರ ಮೇಲೆ ನೀಲಿ ಅಂಚಿನ ಬಿಳಿ ಬಟ್ಟೆ. ಸ್ತಮತಿಯಾ ಅಂದು ಎರಡು ಅಡುಗೆ ಮಾಡಿದರು, ರೋಗಿಗಳದ್ದೊಂದು, ಮೇಜಿನದ್ದೊಂದು. ಬೀನ್ಸ್ ಬೇಯಿಸಿದರು, ಸೊಪ್ಪು ಬಾಡಿಸಿದರು, ಟೊಮೆಟೊ ಒಳಗೆ ಅಕ್ಕಿ ತುಂಬಿದರು. ಆರು ಜನ ಮೇಜಿನ ಸುತ್ತ ಕೂತರು. ಕ್ಯಾಮೆರಾದ ಹುಡುಗಿಯೊಬ್ಬಳು ಬಂದು ಎಲ್ಲ ತಟ್ಟೆಗಳ ಮೇಲೆ ಯಾವುದೋ ದ್ರವ ಸಿಂಪಡಿಸಿದಳು, ಸೊಪ್ಪು ಮಿರಮಿರ ಮಿಂಚಲಿ ಎಂದು. ತಿನ್ನಬೇಡಿ, ಬರೀ ಚಮಚ ಎತ್ತಿ ನಗಿ ಎಂದಳು. ಎತ್ತಿದರು, ನಕ್ಕರು. ಬಿಸಿಲು ಸರಿಯಿಲ್ಲ, ಇನ್ನೊಮ್ಮೆ ಎಂದರು. ಇನ್ನೊಮ್ಮೆ ಎತ್ತಿದರು. ಬೆಳಗ್ಗೆ ನಾಲ್ಕಕ್ಕೆ ಎದ್ದವರು, ಹೊಟ್ಟೆಯಲ್ಲಿ ಕಾಫಿ ಬಿಟ್ಟು ಏನೂ ಇಲ್ಲದವರು, ತಾವೇ ಮಾಡಿದ ಅಡುಗೆಯ ಮುಂದೆ ಮಧ್ಯಾಹ್ನದವರೆಗೆ ಕೂತು ಉಂಡವರಂತೆ ನಟಿಸಿದರು.

ಮುಗಿದ ಮೇಲೆ ಮೇಜಿನ ಮೇಲಿದ್ದುದನ್ನೆಲ್ಲ ಒಂದು ಕರಿ ಚೀಲಕ್ಕೆ ಸುರಿದು ಕಟ್ಟಿದರು. ಸಿಂಪಡಿಸಿದ್ದು ಹೊಟ್ಟೆಗೆ ಒಳ್ಳೆಯದಲ್ಲವಂತೆ. ಹಿಂಟರ್‌ಮಾಯರ್ ಕೈ ತಟ್ಟಿ, ಒಳಗೆ ನಡೆಯಿರಿ, ಸಂಜೆಯ ತಯಾರಿ ಬಾಕಿ ಇದೆ ಎಂದರು.

ಆ ಚೀಲವನ್ನು ನೋಡುತ್ತ ಸ್ತಮತಿಯಾ ತುಸು ಹೊತ್ತು ನಿಂತರು ಎಂದು ಪ್ರೇಮಕುಮಾರಿ ನೆನೆಸಿಕೊಳ್ಳುತ್ತಾರೆ. ಒಳಗೆ ಹೋಗಿ ರೋಗಿಗಳಿಗೆ ಬಡಿಸಿ ಉಳಿದಿದ್ದ ಬೀನ್ಸ್ ಪಾತ್ರೆಯನ್ನು ತರಕಾರಿ ಹೆಚ್ಚುವ ಉಕ್ಕಿನ ಮೇಜಿನ ಮೇಲಿಟ್ಟರು. ಹಾಲಿನ ಖಾಲಿ ಕ್ರೇಟುಗಳನ್ನು ಎಳೆದು ಸುತ್ತ ಇಟ್ಟರು. ಆರು ತಟ್ಟೆ ಹಾಕಿದರು. ಒಂದು ಕ್ರೇಟಿನ ಮೇಲೆ ತಾವು ಕೂತರು. ರೊಮೇನಿಯಾದ ಇಬ್ಬರು ಹೆಂಗಸರು ಬಂದು ಕೂತರು. ಉಳಿದ ಇಬ್ಬರು ಗಂಡಸರು ಬಾಗಿಲ ಬಳಿಯೇ ನಿಂತರು. ಹಿಂಟರ್‌ಮಾಯರ್ ಬಂದು ಇದೇನು ಎಂದು ಕೇಳಿದಾಗ ಸ್ತಮತಿಯಾ ಕೊಟ್ಟ ಉತ್ತರ ಒಂದೇ ಮಾತಿನದು. ಉಣ್ಣಾಕತ್ತೇವಿ.

ಅರ್ಧ ಗಂಟೆ ಕೂತು ಉಂಡರು. ಅಂದಿನ ರಾತ್ರಿಯೂಟ ತಡವಾಯಿತು.

ಪ್ರೇಮಕುಮಾರಿ ಅಂದು ಕೂರಲಿಲ್ಲ. ಅದನ್ನು ಅವರೇ ಹೇಳಿದರು. "ನಾ ಸಿಂಕಿನ ಮುಂದ ನಿಂತು ತೊಳದ ತಟ್ಟೀನ ಮತ್ತ ತೊಳ್ಯಾಕತ್ತಿದ್ದೆರಿ. ನಮ್ಮನಿಯವರಿಗೆ ಕೆಲಸ ಇಲ್ಲ. ನಂದೂ ಹೋದ್ರ ಮನಿ ಬಾಡಿಗಿ ಹೆಂಗ, ವೀಸಾ ಹೆಂಗ. ಅಕ್ಕ ನನ್ನ ತಟ್ಟಿ ಹಂಗ ಖಾಲಿ ಇಟ್ಟಿದ್ಲು, ಏನೂ ಅನ್ನಲಿಲ್ಲ. ಅಂದಿದ್ರ ಚೊಲೊ ಇತ್ತು."

ಸಂಜೆ ಕಾರಿನಲ್ಲಿ ಹಿಂತಿರುಗುವಾಗ ಪ್ರೇಮಕುಮಾರಿಯೇ ಮಾತು ತೆಗೆದರು. ಒಂದು ಊಟಕ್ಕೆ ಇಷ್ಟು ಯಾಕೆ, ನಿವೃತ್ತಿಗೆ ಇನ್ನೆರಡು ಮೂರು ವರ್ಷವಿದೆ, ಸುಮ್ಮನಿರಬಾರದೇ ಎಂದರು. ಸ್ತಮತಿಯಾ ಕಾರನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿ, ತಮ್ಮ ಗಂಡ ಸ್ತೇಲಿಯೋಸ್ ವಿಷಯ ಹೇಳಿದರು. ಅಲ್ಲಿಯವರೆಗೆ ಆತ ತೀರಿಕೊಂಡಿದ್ದಾನೆ ಎಂಬುದಷ್ಟೇ ಪ್ರೇಮಕುಮಾರಿಗೆ ಗೊತ್ತಿತ್ತು.

ಸ್ತೇಲಿಯೋಸ್ ಕಾರಿನ ಭಾಗಗಳನ್ನು ಎರಕ ಹೊಯ್ಯುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕೆಲಸಗಾರ. ಹೆಂಡತಿಗೆ ಹಗಲಿನ ಕೆಲಸ. ಆತ ಮನೆಗೆ ಬರುವಾಗ ಆಕೆ ಹೊರಡುತ್ತಿದ್ದರು. ಕ್ರೀಟ್‌ನ ಎಣ್ಣೆ, ಕ್ರೀಟ್‌ನ ಕಾಳು, ಸೊಪ್ಪು, ಯಾವುದನ್ನೂ ಸ್ತಮತಿಯಾ ತಪ್ಪಿಸಲಿಲ್ಲ. ದಿನವೂ ಡಬ್ಬಿಗೆ ಹಾಕಿ ಕೊಟ್ಟರು. ಆತ ಅದನ್ನು ನಡುರಾತ್ರಿ ಯಂತ್ರದ ಪಕ್ಕ ಒಬ್ಬನೇ ತಿಂದ. ಐವತ್ತೆಂಟನೇ ವಯಸ್ಸಿಗೆ ಎದೆ ಹಿಡಿದುಕೊಂಡು ಅಲ್ಲೇ ಕುಸಿದ. ಆಸ್ಪತ್ರೆಯಲ್ಲಿ ಡಾಕ್ಟರು ಸ್ತಮತಿಯಾರನ್ನು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಏನು ಅಡುಗೆ ಮಾಡುತ್ತಿದ್ದಿರಿ.

ಈ ಮಾತನ್ನು ನನಗೆ ಹೇಳುವಾಗ ಸ್ತಮತಿಯಾ ಪ್ರೇಮಕುಮಾರಿಯ ನೆರವಿಗೆ ಕಾಯಲಿಲ್ಲ. ನೇರವಾಗಿ ನನ್ನನ್ನೇ ನೋಡಿ ಜರ್ಮನ್‌ನಲ್ಲಿ ಹೇಳಿದರು. ಪ್ರೇಮಕುಮಾರಿ ಆದರೂ ಮೆಲ್ಲಗೆ ಕನ್ನಡಕ್ಕೆ ತಿರುಗಿಸಿದರು. ಬಹುಶಃ ತಮಗಾಗಿಯೇ.

"ಏನ್ ತಿಂತಿದ್ದ ಅಂತ ಕೇಳಿದ್ರು. ಯಾವಾಗ ತಿಂತಿದ್ದ, ಯಾರ ಜೋಡಿ ತಿಂತಿದ್ದ ಅಂತ ಒಬ್ಬರೂ ಕೇಳಲಿಲ್ಲ. ಕೇಳಿದ್ರ ಕಾರ್ಖಾನಿ ಹೆಸರು ಹೇಳಬೇಕಾಗ್ತಿತ್ತು. ಅದಕ್ಕ ನನ್ನ ಅಡಿಗಿ ಹೆಸರು ಕೇಳಿದ್ರು."

ಮರುದಿನ ಕ್ರೇಟುಗಳು ಮಾಯವಾಗಿದ್ದವು. ಅಡುಗೆಮನೆಯಲ್ಲಿ ಕೂತು ಉಣ್ಣುವುದು ಶುಚಿತ್ವದ ನಿಯಮಕ್ಕೆ ವಿರುದ್ಧ ಎಂದು ಹಿಂಟರ್‌ಮಾಯರ್ ತಿಳಿಸಿದರು. ನಿಂತು ಉಣ್ಣುವುದು ಇಷ್ಟು ವರ್ಷ ಯಾವ ನಿಯಮಕ್ಕೂ ವಿರುದ್ಧವಾಗಿರಲಿಲ್ಲ. ಸ್ತಮತಿಯಾರಿಗೆ ಆಬ್‌ಮಾನುಂಗ್, ಅಂದರೆ ಕೆಲಸದಿಂದ ತೆಗೆಯುವ ಮುನ್ನ ಕೊಡುವ ಲಿಖಿತ ಎಚ್ಚರಿಕೆ, ಕೈಗೆ ಬಂತು. ಅದನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡು ಅವರು ಈರುಳ್ಳಿ ಹೆಚ್ಚಿದರು.

ಮಧ್ಯಾಹ್ನವಾಯಿತು. ಕೂರಲು ಏನೂ ಇಲ್ಲ. ಆಗ ಪ್ರೇಮಕುಮಾರಿ ತಮ್ಮ ಚೀಲ ಬಿಚ್ಚಿದರು. ಅದರಲ್ಲಿ ಮದುವೆಗೆ ತವರಿನವರು ಕೊಟ್ಟ ನವಲಗುಂದದ ಜಮಖಾನ ಇತ್ತು. ಯಾರಿಗೂ ಹೇಳದೆ ಬೆಳಗ್ಗೆಯೇ ತಂದಿದ್ದರು. ಹಿಂಬಾಗಿಲಾಚೆ, ಲಾರಿ ನಿಲ್ಲುವ ಅಂಗಳದ ನೆರಳಲ್ಲಿ ಅದನ್ನು ಹಾಸಿ, "ಅಕ್ಕಾ, ಬರ್ರಿ. ಇದು ಅಡಿಗಿಮನಿ ಅಲ್ಲ" ಎಂದರು. ಮೊದಲು ತಾವೇ ಕೂತರು. ನಿನ್ನೆ ಬಾಗಿಲಲ್ಲಿ ನಿಂತ ಗಂಡಸರೂ ಬಂದು, ಮಡಚಲು ಬಾರದ ಕಾಲುಗಳನ್ನು ಉದ್ದ ಚಾಚಿ ಕೂತರು. ನಡುವೆ ಪಾತ್ರೆ. ಆರು ಜನ ದುಂಡಗೆ ಕೂತು ಉಂಡರು.

ಹಿಂಟರ್‌ಮಾಯರ್ ಬಾಗಿಲಿಗೆ ಬಂದು ನೋಡಿ, ಆರೂ ಜನರ ಮೇಲೆ ಕ್ರಮ ತೆಗೆದುಕೊಳ್ಳಬೇಕಾಗುತ್ತದೆ ಎಂದರು. ರೊಮೇನಿಯಾದ ಹೆಂಗಸೊಬ್ಬಳು, ಹಾಗಾದರೆ ರಾತ್ರಿಗೆ ನೂರೆಂಬತ್ತು ಜನರ ಊಟ ನೀವೇ ಮಾಡುತ್ತೀರಾ ಎಂದು ಕೇಳಿದಳು. ಈ ಕೂಲಿಗೆ ಈ ಹೊತ್ತಿಗೆ ಬರುವವರು ಬೇರಾರೂ ಇಲ್ಲವೆಂಬುದು ಎರಡೂ ಕಡೆಯವರಿಗೆ ಗೊತ್ತಿತ್ತು.

ಆ ಅಂಗಳದ ಮೇಲೆಯೇ ರೋಗಿಗಳ ಬಾಲ್ಕನಿಗಳು. ಊಟದ ನಂತರ ವಿಶ್ರಮಿಸಿ ಎಂಬ ಸೂಚನೆಯಂತೆ ವಿಶ್ರಮಿಸಲು ಬಂದವರು ಕೆಳಗೆ ನೋಡಿದರು. ತಮಗೆ ಅಡುಗೆ ಮಾಡುವವರು ಡಾಂಬರಿನ ಮೇಲೆ ಕೂತು ಉಣ್ಣುತ್ತಿರುವುದನ್ನು ಮೂರು ದಿನ ಕಂಡರು. ನಾಲ್ಕನೇ ದಿನ ಬೈಪಾಸ್ ಆದ ಒಬ್ಬ ವೃದ್ಧ ಕೋಲೂರಿಕೊಂಡು ಇಳಿದು ಬಂದು, ನಾನೂ ಕೂರಬಹುದೇ ಎಂದ. ಕೆಳಗೆ ಕೂರಲು ಅವನಿಂದಾಗಲಿಲ್ಲ. ಅವನಿಗಾಗಿ ಯಾರೋ ಮೇಲಿನಿಂದ ಕುರ್ಚಿ ತಂದರು. ಹಿಂದೆಯೇ ಇನ್ನಿಬ್ಬರು ಬಂದರು. ಸ್ತಮತಿಯಾರ ಹೆಸರು ಕೇಳಿದ ಮೊದಲ ರೋಗಿಗಳು ಇವರೇ. ಅಂದು ಸಂಜೆ ಆಸ್ಪತ್ರೆಯ ಕಚೇರಿಗೆ ಪ್ರಶ್ನೆಗಳು ಹೋದವು. ಮೂರು ವಾರಕ್ಕೆ ಅಷ್ಟು ಹಣ ಕಟ್ಟಿದವರ ಪ್ರಶ್ನೆಗೆ ಉತ್ತರ ಬೇಗ ಸಿಗುತ್ತದೆ. ಆರು ಜನರ ಕಾಲುನೋವಿಗೆ ಹದಿನಾಲ್ಕು ವರ್ಷ ಸಿಗದ ಮೇಜು ಮುಂದಿನ ವಾರ ಹಿಂಬಾಗಿಲ ಒಳಬದಿಗೆ ಬಂತು. ಬಿಡುವು ಒಂದೇ ತುಂಡಿನ ಅರ್ಧ ಗಂಟೆಯಾಯಿತು, ಆರೂ ಜನರಿಗೆ ಒಂದೇ ಹೊತ್ತಿಗೆ.

ಇದನ್ನು ಗೆಲುವು ಎಂದು ಬರೆಯಲು ನನಗೆ ಕೈ ಬರುವುದಿಲ್ಲ. ಆ ಅರ್ಧ ಗಂಟೆಗೆ ಸಂಬಳವಿಲ್ಲ. ಅದು ಮೊದಲಿನಿಂದಲೂ ಅವರದ್ದೇ ಹೊತ್ತು. ಅವರದ್ದನ್ನು ಅವರಿಗೆ ಹಿಂತಿರುಗಿಸಿ, ಆಸ್ಪತ್ರೆಯವರು ತಮ್ಮ ಸುದ್ದಿಪತ್ರದಲ್ಲಿ 'ನಮ್ಮ ಸಿಬ್ಬಂದಿಯೂ ಗ್ರೀಕ್ ಶೈಲಿಯಲ್ಲಿ' ಎಂದು ಬರೆದುಕೊಂಡಿದ್ದಾರೆ. ಎಚ್ಚರಿಕೆಯ ಪತ್ರವನ್ನು ಕಂಪನಿ ಇಂದಿಗೂ ಹಿಂಪಡೆದಿಲ್ಲ. ಕೇಳಿದ್ದಕ್ಕೆ, ಸಿಬ್ಬಂದಿಯ ಖಾಸಗಿ ವಿಷಯ ಚರ್ಚಿಸುವುದಿಲ್ಲ ಎಂದರು.

ಒಂದು ವಿಷಯ ಮಾತ್ರ ಆಸ್ಪತ್ರೆಯವರ ಕೈಮೀರಿತ್ತು. ಸಿನಿಮಾದಲ್ಲಿ ತಮ್ಮ ಮುಖ ತೋರಿಸಲು ಸ್ತಮತಿಯಾ ಒಪ್ಪಲಿಲ್ಲ. ಹಿಂಟರ್‌ಮಾಯರ್ ಬಂದು ಕೇಳಿದರು, ಆಮೇಲೆ ಆಸ್ಪತ್ರೆಯ ಪ್ರಚಾರ ವಿಭಾಗದ ಹೆಂಗಸು ಹೂಗುಚ್ಛ ಹಿಡಿದು ಬಂದರು. ಮುಖ ನನ್ನದು, ಕೊಡುವುದಿಲ್ಲ ಎಂದರು ಸ್ತಮತಿಯಾ. ಹಾಗಾಗಿ ಆ ಭಾಗವನ್ನು ಕತ್ತರಿಸಿ ಮ್ಯೂನಿಕ್‌ನ ಒಬ್ಬ ನಟಿಯನ್ನು ಕೂರಿಸಿ ಮತ್ತೆ ಚಿತ್ರೀಕರಿಸಿದ್ದಾರೆ. ಬಿಳಿ ಕೂದಲು, ಕರಿ ಸೀರೆಯಂಥ ಉಡುಪು, ತುಂಬು ನಗು. ಪ್ರೇಮಕುಮಾರಿ ತಮ್ಮ ಫೋನಿನಲ್ಲಿ ತೋರಿಸಿದಾಗ ಸ್ತಮತಿಯಾ ಒಮ್ಮೆ ನೋಡಿ, ಪಾಪ, ಆಕೆಗೂ ಉಣ್ಣಾಕ ಕೊಟ್ಟಿರಲಿಕ್ಕಿಲ್ಲ ಎಂದರು.

ಇಂದು ಮಧ್ಯಾಹ್ನ ಅವರ ಮೇಜಿನ ಮೇಲೆ ನನಗೂ ಒಂದು ತಟ್ಟೆ ಇತ್ತು. ಅಂಗಳದಲ್ಲಿ ನಿಂತೇ ತಿಂದೆ, ಒಳಗೆ ಬರುವಂತಿಲ್ಲವಲ್ಲ. ಬೀನ್ಸ್ ಬೆಣ್ಣೆಯ ಹಾಗಿತ್ತು. ಅರ್ಧ ಗಂಟೆ ಮುಗಿಯುತ್ತಿದ್ದಂತೆ ಆರೂ ಜನ ಎದ್ದರು. ತಟ್ಟೆ ತೊಳೆಯುವ ಯಂತ್ರ ಮತ್ತೆ ಹಬೆ ಬಿಡಲಾರಂಭಿಸಿತು.

ಹೊರಡುವ ಮುನ್ನ, ಇಂಥ ಲೇಖನ ಬರೆಯುವವರೆಲ್ಲ ಕೇಳುವ ಪ್ರಶ್ನೆಯನ್ನು ನಾನೂ ಕೇಳಿದೆ: ಇನ್ನು ನಿಮ್ಮ ಆಸೆ ಏನು? ಊರಿಗೆ ಹಿಂತಿರುಗುವ ಮಾತು ಬರಬಹುದು ಎಂದುಕೊಂಡಿದ್ದೆ. ಸ್ತಮತಿಯಾ ಒದ್ದೆ ಕೈಯನ್ನು ಏಪ್ರನ್‌ಗೆ ಒರೆಸಿಕೊಳ್ಳುತ್ತ ಉತ್ತರ ಕೊಟ್ಟರು. ಪ್ರೇಮಕುಮಾರಿ ತಿರುಗಿಸಿ ಹೇಳಿದರು.

"ಕೆಲಸ ಬಿಟ್ಟ ಮ್ಯಾಲೆ ಒಂದು ಮಂಗಳವಾರ ಮಧ್ಯಾಹ್ನ ಕುಂತು ಊಟ ಮಾಡಬೇಕಂತ ಆಕಿಗೆ. ಐತವಾರ ಅಲ್ಲಂತ, ಐತವಾರ ಎಲ್ಲಾರಿಗೂ ಸಿಗತೈತಿ. ಮಂಗಳವಾರ. ಎರಡು ತಾಸು. ಗಡಿಯಾರ ನೋಡಂಗಿಲ್ಲ."

ಸ್ತಮತಿಯಾ ಇನ್ನೇನೋ ಸೇರಿಸಿದರು. ಪ್ರೇಮಕುಮಾರಿ ನನ್ನ ಕಡೆ ತಿರುಗಿದರು.

"ನಿಮ್ಮನ್ನೂ ಕರ್ಯಾಕತ್ತಾಳ್ರಿ. ಬರ್ಯಾಕಲ್ಲ. ಉಣ್ಣಾಕ."